ಅಳುವ ಗಂಡಸನ್ನು ನಂಬೋಣ

ದಾವಣಗೆರೆಯ ಸರಸ್ವತಿ ನಗರದಲ್ಲಿ ನಮ್ಮ ಪರಿಚಯದ ಕುಟುಂಬವೊಂದಿದೆ. ಆ ಮನೆಯ ಹಿರಿಯ ತಾಯಿ ತೀರಿಕೊಂಡ ಮೂರನೆಯ ದಿನ ಸಾಂತ್ವನ ಹೇಳಲೆಂದು ನಾವು ಅಲ್ಲಿಗೆ ಹೋಗಿದ್ದೆವು. ಒಳಕೋಣೆಯಲ್ಲಿ ಹೆಣ್ಣುಮಕ್ಕಳು ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ತಲೆಯಿಟ್ಟು ಅಳುತ್ತಿದ್ದರು. ಹೊರಗೆ ಶಾಮಿಯಾನದ ಕೆಳಗೆ ಗಂಡಸರು ಕುಳಿತು ಮಳೆ, ಬೆಳೆ, ಚುನಾವಣೆಯ ಮಾತಾಡುತ್ತಿದ್ದರು. ಮೃತರ ಹಿರಿಯ ಮಗ, ಐವತ್ತು ದಾಟಿದವರು, ಬಂದವರಿಗೆ ಕುರ್ಚಿ ಹಾಕಿಸುವುದರಲ್ಲಿ, ಚಹಾ ಕೊಡಿಸುವುದರಲ್ಲಿ ಮಗ್ನರಾಗಿದ್ದರು. ಹಿರಿಯರೊಬ್ಬರು ಅವರ ಬೆನ್ನು ತಟ್ಟಿ, "ನೋಡಿ, ಗಂಡಸು ಎಂದರೆ ಹೀಗಿರಬೇಕು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಎಂಥ ಸಬ್ರ್!" ಎಂದರು. ಸುತ್ತ ಕುಳಿತವರೆಲ್ಲ ತಲೆದೂಗಿದರು.

ನಾವು ಹೊರಟಾಗ ಆ ಮಗ ನಮ್ಮನ್ನು ಬೀಳ್ಕೊಡಲು ಗೇಟಿನವರೆಗೆ ಬಂದರು. ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ತಗ್ಗಿದ ದನಿಯಲ್ಲಿ ಹೇಳಿದರು: "ಮೌಲಾನಾ, ಮೂರು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ. ಎದೆಯ ಮೇಲೆ ಕಲ್ಲು ಹೇರಿದ ಹಾಗಿದೆ. ಒಮ್ಮೆ ಅತ್ತುಬಿಟ್ಟರೆ ಹಗುರಾದೀತು. ಆದರೆ ಎಲ್ಲಿ ಅಳಲಿ?"

ನಾವು ಅಂದು ಏನೋ ಎರಡು ಸಮಾಧಾನದ ಮಾತು ಹೇಳಿ ಬಂದೆವು. ಆದರೆ ಆ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಇದು ಒಬ್ಬ ವ್ಯಕ್ತಿಯ ಪ್ರಶ್ನೆಯಲ್ಲ. ನಮ್ಮ ಮೊಹಲ್ಲಾಗಳ, ನಮ್ಮ ಮಸೀದಿಗಳ, ನಮ್ಮ ಮನೆಗಳ ಕುರಿತಾದ ಪ್ರಶ್ನೆ. ಮನೆಯ ಯಜಮಾನನಿಗೆ ತನ್ನ ಮನೆಯಲ್ಲೇ ಅಳಲು ಜಾಗವಿಲ್ಲವೆಂದರೆ ನಾವು ಎಂಥ ಸಮಾಜವನ್ನು ಕಟ್ಟಿದ್ದೇವೆ?

ಕನ್ನಡದಲ್ಲಿ ಒಂದು ಹಳೆಯ ಗಾದೆಯಿದೆ. ಅಳುವ ಗಂಡಸನ್ನೂ ನಗುವ ಹೆಂಗಸನ್ನೂ ನಂಬಬಾರದಂತೆ! ಒಂದೇ ಗಾದೆ ಹೆಣ್ಣಿನ ನಗುವನ್ನೂ ಗಂಡಿನ ಅಳುವನ್ನೂ ಏಕಕಾಲದಲ್ಲಿ ಕಸಿದುಕೊಂಡಿದೆ. ಹೆಣ್ಣಿಗಾದ ಅನ್ಯಾಯದ ಕುರಿತು ಸಮಾಜದಲ್ಲಿ ಅಷ್ಟಿಷ್ಟು ಚರ್ಚೆ ನಡೆದಿದೆ, ಇನ್ನೂ ಹೆಚ್ಚು ನಡೆಯಬೇಕು. ಆದರೆ ಗಾದೆಯ ಇನ್ನರ್ಧದ ಕುರಿತು ನಾವು ಯೋಚಿಸಿದವರೇ ಅಲ್ಲ. ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿಕೊಂಡ ಆರು ವರ್ಷದ ಹುಡುಗನಿಗೆ ನಾವು ಹೇಳುವ ಮೊದಲ ಮಾತೇನು? "ಗಂಡು ಹುಡುಗ ಅಳುತ್ತಾನೇನೋ?" ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ ಮುಂಚೆ ನಾವು ಬಾಯಿಗೆ ಬೀಗ ಹಾಕುತ್ತೇವೆ. ಪರೀಕ್ಷೆಯಲ್ಲಿ ನಪಾಸಾದ ಹದಿಹರೆಯದವನಿಗೂ, ಕೆಲಸ ಕಳಕೊಂಡ ಯುವಕನಿಗೂ, ಹೆಂಡತಿಯನ್ನು ಮಣ್ಣು ಮಾಡಿ ಬಂದ ವೃದ್ಧನಿಗೂ ಅದೇ ಮಾತು. ಆರನೆಯ ವರ್ಷದಲ್ಲಿ ಹಾಕಿದ ಬೀಗವನ್ನು ಅರುವತ್ತನೆಯ ವರ್ಷದಲ್ಲಿ ತೆರೆಯಬೇಕೆಂದರೆ ಕೀಲಿ ಎಲ್ಲಿದೆ ಎಂಬುದೇ ಮರೆತುಹೋಗಿರುತ್ತದೆ.

ಇದರ ಬೆಲೆಯನ್ನು ಅಂಕಿಅಂಶಗಳು ಹೇಳುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಮಂದಿ ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಅವರಲ್ಲಿ 1,22,724 ಮಂದಿ ಪುರುಷರು. ಅಂದರೆ ಹತ್ತರಲ್ಲಿ ಏಳಕ್ಕಿಂತ ಹೆಚ್ಚು. ಕರ್ನಾಟಕವೊಂದರಲ್ಲೇ ಆ ವರ್ಷ 13,606 ಮಂದಿ ಹೀಗೆ ಹೊರಟುಹೋದರು. ದೇಶದ ಒಟ್ಟು ಸಂಖ್ಯೆಯಲ್ಲಿ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚು ಮಂದಿ ದಿನಗೂಲಿಗಳಾಗಿದ್ದರು. ಕಾರಣಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಕೌಟುಂಬಿಕ ಸಮಸ್ಯೆಗಳಿಗೆ, ಎರಡನೆಯದು ಕಾಯಿಲೆಗೆ. ಒಂದು ಆತ್ಮಹತ್ಯೆಗೆ ಒಂದೇ ಕಾರಣ ಇರುವುದಿಲ್ಲವೆಂದು ವೈದ್ಯರು ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಇಷ್ಟು ಮಂದಿಯಲ್ಲಿ ಎಷ್ಟು ಮಂದಿ ತಮ್ಮ ಕಷ್ಟವನ್ನು ಯಾರೊಡನೆಯಾದರೂ ಬಾಯಿಬಿಟ್ಟು ಹೇಳಿದ್ದರು? ಹೇಳಿದಾಗ ಎಷ್ಟು ಮಂದಿಗೆ ಕೇಳುವ ಕಿವಿ ಸಿಕ್ಕಿತು? ಈ ಲೆಕ್ಕವನ್ನು ಯಾವ ಸರಕಾರಿ ದಾಖಲೆಯೂ ಇಡುವುದಿಲ್ಲ.

ಅಂಕಿಗಳನ್ನು ಬದಿಗಿಟ್ಟು ನಮ್ಮ ಊರುಗಳನ್ನೇ ನೋಡೋಣ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಒಂದು ಕಾಲದಲ್ಲಿ ಹೆಸರಾಗಿದ್ದ ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾಗಿ, ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರು ಮಾಡಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ 2000ದ ದಶಕದ ಆರಂಭದಲ್ಲಿ ಸ್ತಬ್ಧವಾಯಿತು. ಕಾರ್ಖಾನೆ ಮುಚ್ಚಿದರೆ ಸಂಬಳ ನಿಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಗಂಡಸಿಗೆ ಕೆಲಸವೆಂದರೆ ಸಂಬಳ ಮಾತ್ರವೇ? ಬೀದಿಯಲ್ಲಿ ಅವನ ಗುರುತು ಅದು. ಮಗಳ ಮದುವೆಯ ಮಾತುಕತೆಯಲ್ಲಿ ಅವನು ತಲೆಯೆತ್ತಿ ಕೂರುವ ಧೈರ್ಯ ಅದು. ಇಪ್ಪತ್ತು ವರ್ಷ ಯಂತ್ರದ ಮುಂದೆ ನಿಂತಿದ್ದ ಕೈಗಳು ಒಂದು ಬೆಳಿಗ್ಗೆ ಬರಿದಾದಾಗ ಆ ಮನುಷ್ಯ ಮನೆಯಲ್ಲಿ ಏನೆಂದು ಹೇಳಿರಬೇಕು? "ನನಗೆ ಭಯವಾಗುತ್ತಿದೆ" ಎಂದು ಹೆಂಡತಿಯೊಡನೆ ಹೇಳಿದವರು ಎಷ್ಟು ಮಂದಿ ಇದ್ದಾರು? ಪರಿಹಾರ, ಬಾಕಿ, ಭವಿಷ್ಯನಿಧಿಯ ಕುರಿತು ಸಂಘಗಳು ಮಾತಾಡಬಲ್ಲವು. ಒಳಗೆ ಕುಸಿದುಹೋದ ಮಾನದ ಕುರಿತು ಮಾತಾಡಲು ಯಾರೂ ಇರಲಿಲ್ಲ.

ಇಂದಿಗೂ ಸ್ಥಿತಿ ಬದಲಾಗಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ಬೆಳಗಿನ ಜಾವದಿಂದ ಬೇಯುವವರು, ಬಾಡಿಗೆ ಆಟೋ ಓಡಿಸುವವರು, ಗ್ಯಾರೇಜಿನಲ್ಲಿ ದುಡಿಯುವವರು, ತಳ್ಳುಗಾಡಿಯಲ್ಲಿ ಹಣ್ಣು ಮಾರುವವರು, ಊರು ಬಿಟ್ಟು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾ ವಾರಕ್ಕೊಮ್ಮೆ ಫೋನಿನಲ್ಲಿ "ನಾನು ಚೆನ್ನಾಗಿದ್ದೇನೆ" ಎಂದು ಹೇಳುವವರು, ಇವರೆಲ್ಲ ನಮ್ಮವರೇ. ಹೇಳಿದ್ದು ಸುಳ್ಳೆಂದು ಹೇಳಿದವನಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಕಿರುಸಾಲದ ಕಂತು ಕಟ್ಟಲಾಗದೆ, ವಸೂಲಿಗಾರರ ಅವಮಾನ ತಾಳಲಾಗದೆ ರಾಜ್ಯದಲ್ಲಿ ಸಾಲು ಸಾಲು ಸಾವುಗಳಾದ ಬಳಿಕ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಬಲವಂತದ ವಸೂಲಿಯ ವಿರುದ್ಧ ಅಧ್ಯಾದೇಶವನ್ನು ತರಬೇಕಾಯಿತು. ತಪ್ಪಿತಸ್ಥರಿಗೆ ಹತ್ತು ವರ್ಷಗಳವರೆಗೆ ಸೆರೆವಾಸ ವಿಧಿಸಲು ಅದರಲ್ಲಿ ಅವಕಾಶವಿದೆ. ಕಾನೂನು ಬೇಕು, ಅದು ಕಟ್ಟುನಿಟ್ಟಾಗಿ ಜಾರಿಯಾಗಲೂ ಬೇಕು. ಆದರೆ ಸಾಲಗಾರನ ಮನೆಯವರಿಗೇ ಸಾಲದ ವಿಷಯ ಗೊತ್ತಿರದಿದ್ದರೆ ಕಾನೂನು ಯಾರನ್ನು ಕಾಪಾಡೀತು? ಬೀದಿಯ ವಸೂಲಿಗಾರನಿಗಿಂತ ಮುಂಚೆ ಆತನನ್ನು ಹೆದರಿಸುತ್ತಿರುವುದು ಒಳಗಿನ ನಾಚಿಕೆ. "ಮನೆಯವರ ಮುಂದೆ ಸೋತವನಾಗಿ ಹೇಗೆ ನಿಲ್ಲಲಿ" ಎಂಬ ನಾಚಿಕೆ.

ಗಂಡಸಿಗೆ ಭಾವನೆಗಳೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ ನಾವು ಅವನಿಗೆ ಒಂದೇ ಒಂದು ಭಾವನೆಯ ಪರವಾನಗಿ ಕೊಟ್ಟಿದ್ದೇವೆ. ಅದು ಕೋಪ. ಗಂಡಸು ಭಯಪಟ್ಟರೆ ಹೇಡಿ, ಅತ್ತರೆ ಹೆಣ್ಣಿಗ, ದಣಿದರೆ ಸೋಮಾರಿ. ಸಿಟ್ಟಾದರೆ ಮಾತ್ರ ಗಂಡಸು! ಹೀಗಿರುವಾಗ ದುಃಖ, ಭಯ, ಅವಮಾನ, ಒಂಟಿತನಗಳೆಲ್ಲ ಕೋಪದ ವೇಷ ತೊಟ್ಟೇ ಹೊರಬರುತ್ತವೆ. ಅಂಗಡಿಯಲ್ಲಿ ಮಾಲೀಕನಿಂದ ಬೈಸಿಕೊಂಡದ್ದು ಮನೆಯಲ್ಲಿ ಹೆಂಡತಿಯ ಮೇಲೆ ಎಗರಿದ ತಟ್ಟೆಯಾಗುತ್ತದೆ. ಕಂತು ಕಟ್ಟಲಾಗದ ಸಂಕಟ ಮಗನ ಬೆನ್ನ ಮೇಲಿನ ಬಾಸುಂಡೆಯಾಗುತ್ತದೆ. ಕೆಲವರಲ್ಲಿ ಅದು ಗುಟ್ಕಾ, ಕುಡಿತ, ಜೂಜಿನ ದಾರಿ ಹಿಡಿಯುತ್ತದೆ. ಕೆಲವರಲ್ಲಿ ತಿಂಗಳುಗಟ್ಟಲೆ ಮೌನವಾಗುತ್ತದೆ. ಬಾಯಿಯ ಒಂದು ಮಾತು ತಲಾಕ್ ಆಗಿ ಹೊರಬಿದ್ದು ಸಂಸಾರವೇ ಚೂರಾದದ್ದನ್ನೂ ನಾವು ಕಂಡಿದ್ದೇವೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲವೆಂಬ ಗಾದೆಯನ್ನು ಮಾತ್ರ ನಾವು ಮರೆತಿದ್ದೇವೆ. ಗಂಡಸಿನ ನುಂಗಿದ ಕಣ್ಣೀರಿನ ಬೆಲೆಯನ್ನು ತೆರುವವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳೇ ಎಂಬುದನ್ನು ನೆನಪಿಡಬೇಕು. ಆದ್ದರಿಂದ ಈ ವಿಷಯವನ್ನು ಗಂಡಸರ ಪರವಾದ ದೂರು ಎಂದು ಯಾರೂ ಭಾವಿಸಬಾರದು. ಇದು ಇಡೀ ಮನೆಯ ನೆಮ್ಮದಿಯ ಪ್ರಶ್ನೆ.

ಇಲ್ಲಿ ನಮ್ಮ ಸಮುದಾಯದ ಒಂದು ತಪ್ಪು ಗ್ರಹಿಕೆಯನ್ನು ಚರ್ಚಿಸಲೇಬೇಕು. ಸಬ್ರ್ ಎಂದರೆ ಅಳದಿರುವುದು, ಹೇಳದಿರುವುದು, ಹಲ್ಲುಕಚ್ಚಿ ನುಂಗುವುದು ಎಂದು ನಾವು ತಿಳಿದಿದ್ದೇವೆ. ಸರಸ್ವತಿ ನಗರದ ಆ ಹಿರಿಯರು ಬೆನ್ನು ತಟ್ಟಿದ್ದು ಈ ತಿಳುವಳಿಕೆಯಿಂದಲೇ. ಆದರೆ ಸಹನೆಯ ಉದಾಹರಣೆಗಳೆಂದು ನಾವು ಮಿಂಬರಿನ ಮೇಲಿಂದ ಹೇಳುವ ಮಹನೀಯರ ಜೀವನವನ್ನೇ ನೋಡಿ. ಪ್ರವಾದಿ ಯಾಕೂಬ್(ಅ) ಮಗ ಯೂಸುಫರನ್ನು ಕಳಕೊಂಡಾಗ ಸುಂದರ ಸಹನೆಯ ಮಾತಾಡಿದವರು. ಅದೇ ಯಾಕೂಬ್(ಅ) ಆ ಮಗನಿಗಾಗಿ ಅತ್ತೂ ಅತ್ತೂ ಕಣ್ಣುಗಳು ಬೆಳ್ಳಗಾಗಿ ದೃಷ್ಟಿ ಕಳಕೊಂಡರೆಂದು ಕುರ್‌ಆನ್ ವಿವರಿಸುತ್ತದೆ. ಸಹನೆ ಮತ್ತು ಕಣ್ಣೀರು ಎರಡೂ ಒಂದೇ ಎದೆಯಲ್ಲಿ, ಒಂದೇ ಅಧ್ಯಾಯದಲ್ಲಿ! ಪ್ರವಾದಿ ಅಯ್ಯೂಬ್(ಅ) ತಮ್ಮ ಸಂಕಟವನ್ನು ಬಾಯಿಬಿಟ್ಟು ತಮ್ಮ ಪ್ರಭುವಿನ ಮುಂದೆ ಹೇಳಿಕೊಂಡರು. ಹೇಳಿಕೊಂಡ ಮೇಲೂ ಅವರು ಸಹನಾಶೀಲರೆಂದೇ ಪ್ರಶಂಸಿಸಲ್ಪಟ್ಟರು.

ಪ್ರವಾದಿ ಮುಹಮ್ಮದ್(ಸ)ರ ಎಳೆಯ ಮಗ ಇಬ್ರಾಹೀಮ್ ಕೊನೆಯುಸಿರೆಳೆಯುತ್ತಿದ್ದಾಗ ಅವರ ಕಣ್ಣುಗಳು ತುಂಬಿ ಹರಿದವು. "ತಾವೂ ಅಳುತ್ತೀರಾ?" ಎಂದು ಸಂಗಾತಿಯೊಬ್ಬರು ಅಚ್ಚರಿಯಿಂದ ಕೇಳಿದಾಗ, ಇದು ಕರುಣೆ ಎಂಬ ಅರ್ಥದ ಉತ್ತರವನ್ನು ಅವರು ಕೊಟ್ಟರು. ಕಣ್ಣೀರನ್ನು ಬಚ್ಚಿಡಲಿಲ್ಲ, ಅದಕ್ಕಾಗಿ ಕ್ಷಮೆಯನ್ನೂ ಕೇಳಲಿಲ್ಲ. ಪತ್ನಿ ಹ. ಖದೀಜಾ(ರ) ಮತ್ತು ಪೋಷಕರಾದ ಅಬೂತಾಲಿಬ್ ತೀರಿಕೊಂಡ ವರ್ಷವನ್ನು ಇತಿಹಾಸಕಾರರು ದುಃಖದ ವರ್ಷವೆಂದೇ ಕರೆದಿದ್ದಾರೆ. ತನ್ನ ನಾಯಕನ ದುಃಖದಿಂದ ಒಂದಿಡೀ ವರ್ಷವನ್ನು ಗುರುತಿಸಿದ ಸಮುದಾಯ ನಮ್ಮದು. ಅಂಥ ಸಮುದಾಯದ ಗಂಡಸು ಇಂದು ಅಳಲು ಜಾಗ ಹುಡುಕುತ್ತಿದ್ದಾನೆಂದರೆ ಇದಕ್ಕಿಂತ ವಿಪರ್ಯಾಸ ಬೇರೆ ಇದೆಯೇ? ಮೊಮ್ಮಗ ಹಸನ್‌ರನ್ನು ಪ್ರವಾದಿ(ಸ) ಮುದ್ದಿಸುವುದನ್ನು ಕಂಡ ಗೋತ್ರ ಮುಖ್ಯಸ್ಥನೊಬ್ಬ ತನಗೆ ಹತ್ತು ಮಕ್ಕಳಿದ್ದರೂ ಒಬ್ಬರಿಗೂ ಮುತ್ತಿಟ್ಟವನಲ್ಲವೆಂದು ಹೆಮ್ಮೆಯಿಂದಲೇ ಹೇಳಿದ. ಅವನಿಗೆ ಸಿಕ್ಕಿದ್ದು ಪ್ರಶಂಸೆಯಲ್ಲ, ಎಚ್ಚರಿಕೆ. ನಮ್ಮ ಮೊಹಲ್ಲಾಗಳಲ್ಲಿ ಆ ಮುಖ್ಯಸ್ಥನ ಅನುಯಾಯಿಗಳೇ ಹೆಚ್ಚಾಗಿದ್ದಾರೆಯೇ ಎಂದು ನಾವು ಆತ್ಮಾವಲೋಕನ ಮಾಡಿಕೊಳ್ಳಬೇಕಾಗಿದೆ.

ಹಾಗಾದರೆ ಸಬ್ರ್ ಎಂದರೇನು? ಎದೆ ಬಡಿದುಕೊಂಡು, ಬಟ್ಟೆ ಹರಿದುಕೊಂಡು, ವಿಧಿಯನ್ನು ಶಪಿಸುವುದನ್ನು ಧರ್ಮ ತಡೆದಿದೆ. ನೋವನ್ನು ಅನುಭವಿಸುವುದನ್ನು ತಡೆದಿಲ್ಲ. ನೋವಿನ ನಡುವೆಯೂ ಸರಿಯಾದ ಹೆಜ್ಜೆಯನ್ನು ಬಿಡದಿರುವುದೇ ಸಬ್ರ್. ಅತ್ತ ಮೇಲೆ ಎದ್ದು ವುಝೂ ಮಾಡುವುದು ಸಬ್ರ್. ಕೆಲಸ ಹೋಯಿತೆಂದು ಹೆಂಡತಿಗೆ ಹೇಳಿ, ನಾಳೆ ಬೇರೆ ಕೆಲಸ ಹುಡುಕಲು ಹೊರಡುವುದು ಸಬ್ರ್. ಕುಸ್ತಿಯಲ್ಲಿ ಎದುರಾಳಿಯನ್ನು ಕೆಡವುವವನು ಬಲಶಾಲಿಯಲ್ಲ, ಕೋಪ ಬಂದಾಗ ತನ್ನನ್ನು ತಾನು ಹಿಡಿದುಕೊಳ್ಳುವವನೇ ಬಲಶಾಲಿ ಎಂಬ ಆಶಯದ ಪ್ರವಾದಿ(ಸ) ವಚನ ನಮಗೆಲ್ಲ ಗೊತ್ತು. ಕುಸ್ತಿಯ ಮಾತು ದಾವಣಗೆರೆಯವರಿಗೆ ಹೊಸತಲ್ಲ. ಇದು ಗರಡಿಮನೆಗಳ ಊರು. ಗರಡಿಗೆ ಬಂದ ಹೊಸ ಹುಡುಗ ಪಟ್ಟುಗಳನ್ನು ಕಲಿಯುವುದರ ಜೊತೆಗೆ ಬೀಳುವುದನ್ನೂ ಕಲಿಯಬೇಕು. ಮೈ ಮುರಿಯದಂತೆ ಬೀಳಲು ಬಾರದವನು ಎಂದೂ ಪೈಲ್ವಾನನಾಗಲಾರ. ಬಿದ್ದದ್ದನ್ನು ಒಪ್ಪಿಕೊಳ್ಳದವನು ಏಳುವುದನ್ನು ಕಲಿಯುವುದು ಹೇಗೆ?

ಮನಸ್ಸಿನ ಕಾಯಿಲೆಯನ್ನು ಈಮಾನಿನ ಕೊರತೆ ಎಂದು ತೀರ್ಪು ಕೊಡುವವರೂ ನಮ್ಮಲ್ಲಿದ್ದಾರೆ. ಅವರಿಗೆ ನಮ್ಮದೇ ಇತಿಹಾಸ ತಿಳಿದಿಲ್ಲ. ಕ್ರಿ.ಶ. 934ರಲ್ಲಿ ನಿಧನರಾದ ಅಬೂಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಆತ್ಮಗಳ ಆರೋಗ್ಯದ ಬಗ್ಗೆ ಒಂದು ಗ್ರಂಥವನ್ನೇ ರಚಿಸಿದರು. ದೇಹಕ್ಕೆ ಕಾಯಿಲೆ ಬರುವಂತೆ ಮನಸ್ಸಿಗೂ ಬರುತ್ತದೆ, ಎರಡಕ್ಕೂ ಆರೈಕೆ ಬೇಕು ಎಂಬುದು ಅವರ ವಾದ. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣವೇ ತಿಳಿಯದೆ ಮನುಷ್ಯನನ್ನು ಕವಿದುಕೊಳ್ಳುವ ದುಃಖ ಬೇರೆ ಎಂದು ಅವರು ಸಾವಿರ ವರ್ಷಗಳ ಹಿಂದೆಯೇ ವಿಂಗಡಿಸಿದ್ದರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ದೊಡ್ಡ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಪ್ರತ್ಯೇಕ ವಿಭಾಗವಿತ್ತು. ಅಂದಿನವರು ಚಿಕಿತ್ಸೆ ನೀಡುತ್ತಿದ್ದ ಕಾಯಿಲೆಯನ್ನು ಇಂದಿನ ನಾವು ತಾಯತ ಕಟ್ಟಿ ಮುಚ್ಚಿಡುತ್ತಿದ್ದೇವೆ!

ಈ ಸಮಸ್ಯೆ ಮುಸ್ಲಿಮರದು ಮಾತ್ರವಲ್ಲ, ಬಡವರದು ಮಾತ್ರವೂ ಅಲ್ಲ. ಕನ್ನಡದ ವರಕವಿ ಬೇಂದ್ರೆಯವರು ಮಗುವನ್ನು ಕಳಕೊಂಡ ತಂದೆಯಾಗಿ ಬರೆದ ಕವಿತೆ ಕನ್ನಡಿಗರ ಎದೆಯಲ್ಲಿ ಇಂದಿಗೂ ಉಳಿದಿದೆ. ಹೆಂಡತಿಯ ನೋಟವನ್ನು ಎದುರಿಸಲಾಗದ ಗಂಡನ ನೋವು ಅದು. ಆ ನೋವನ್ನು ಬಚ್ಚಿಟ್ಟಿದ್ದರೆ ಅವರು ದೊಡ್ಡವರಾಗುತ್ತಿದ್ದರೇ? ಕವಿತೆಯೇನೋ ನಮ್ಮ ಯುವಕರಿಗೆ ದೂರವೆನಿಸಬಹುದು. ಕ್ರಿಕೆಟ್ ಹತ್ತಿರವಷ್ಟೇ? ದಾವಣಗೆರೆಯ ಹೆಮ್ಮೆಯ ಆಟಗಾರ ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರಲ್ಲಿ ಸತತ ಎರಡು ಬಾರಿ ರಣಜಿ ಟ್ರೋಫಿ ಗೆದ್ದದ್ದನ್ನು ಇಲ್ಲಿನವರು ಮರೆತಿಲ್ಲ. ಆ ತಂಡದಲ್ಲಿ ರಾಬಿನ್ ಉತ್ತಪ್ಪ ಇದ್ದರು. ಎರಡನೆಯ ಗೆಲುವಿನ ವರ್ಷ ಇಡೀ ಪಂದ್ಯಾವಳಿಯಲ್ಲಿ ಅತಿ ಹೆಚ್ಚು ರನ್ ಗಳಿಸಿದವರು ಅವರೇ. ಅದಕ್ಕೂ ಕೆಲವು ವರ್ಷ ಮುಂಚೆ, 2009ರಿಂದ 2011ರ ನಡುವೆ, ತಾನು ಖಿನ್ನತೆಯಲ್ಲಿ ಮುಳುಗಿದ್ದೆ, ಬದುಕೇ ಬೇಡವೆನಿಸುತ್ತಿತ್ತು ಎಂದು ಅವರು 2020ರಲ್ಲಿ ಬಹಿರಂಗವಾಗಿ ಹೇಳಿದರು. ತನ್ನ ಮನಸ್ಸನ್ನು ಅರಿಯಲು ದಿನಚರಿ ಬರೆಯತೊಡಗಿದ್ದನ್ನೂ ಅನಂತರ ಹೊರಗಿನ ನೆರವು ಪಡೆದದ್ದನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿದರು.

ಅದೇ 2020ರಲ್ಲಿ ವೇಗದ ಬೌಲರ್ ಮುಹಮ್ಮದ್ ಶಮಿ ತಮ್ಮ ಕೆಟ್ಟ ದಿನಗಳ ಕುರಿತು ಮಾತಾಡಿದರು. 2015ರ ವಿಶ್ವಕಪ್ಪಿನ ಬಳಿಕ ಗಾಯ, ಆ ಮೇಲೆ ಮನೆಯ ಕಲಹ. ಮೂರು ಬಾರಿ ಸಾವಿನ ಯೋಚನೆ ಬಂದಿತ್ತು ಎಂದರು. ಅವರನ್ನು ಉಳಿಸಿದ್ದು ಏನು? ಹಗಲೂ ರಾತ್ರಿಯೂ ಒಂಟಿಯಾಗಿ ಬಿಡದೆ ಪಕ್ಕದಲ್ಲೇ ಇದ್ದ ಮನೆಯವರು. ಆ ಶಮಿಯೇ 2023ರ ವಿಶ್ವಕಪ್ಪಿನಲ್ಲಿ ಏಳು ಪಂದ್ಯಗಳಲ್ಲಿ 24 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದರು. ನ್ಯೂಝಿಲೆಂಡ್ ವಿರುದ್ಧದ ಸೆಮಿಫೈನಲ್‌ನಲ್ಲಿ ಒಬ್ಬರೇ ಏಳು ವಿಕೆಟ್ ಕಿತ್ತದ್ದನ್ನು ಕಂಡು ನಮ್ಮ ಯುವಕರು ಬೀದಿಯಲ್ಲಿ ಕುಣಿದರು. ಅವರ ಏಳು ವಿಕೆಟನ್ನು ನಾವು ಕೊಂಡಾಡಿದೆವು, ಅವರು ಧೈರ್ಯದಿಂದ ಹೇಳಿಕೊಂಡ ಮೂರು ಕತ್ತಲೆಯ ಗಳಿಗೆಗಳಿಂದ ಏನನ್ನಾದರೂ ಕಲಿತೆವೇ? ಎಲ್ಲರಿಗೂ ವಿಶ್ವಕಪ್ಪಿನ ಗೆಲುವು ಸಿಗಲಾರದು. ಆದರೆ ಪಕ್ಕದಲ್ಲಿ ಕೂರುವ ಮನೆಯವರು ಎಲ್ಲರಿಗೂ ಸಿಗಬಹುದು. ಅದಕ್ಕೆ ಹಣ ಬೇಡ.

ಇಷ್ಟು ಹೇಳಿದ ಮೇಲೆ ಕೆಲವು ಆಕ್ಷೇಪಗಳಿಗೂ ಉತ್ತರಿಸಬೇಕು. ಗಂಡಸರಿಗೆ ಅಳಲು ಕಲಿಸಿದರೆ ಸಮುದಾಯ ದುರ್ಬಲವಾಗುತ್ತದೆ ಎನ್ನುವವರಿದ್ದಾರೆ. ಮೊದಲೇ ನಮ್ಮ ಮೇಲೆ ಅನುಮಾನ, ಬಹಿಷ್ಕಾರ, ನಿರುದ್ಯೋಗದ ಭಾರವಿದೆ, ಈ ಹೊತ್ತಿನಲ್ಲಿ ಗಟ್ಟಿಯಾಗಿರಬೇಕಲ್ಲವೇ ಎಂಬುದು ಅವರ ವಾದ. ಗಟ್ಟಿಯಾಗಿರಬೇಕು ನಿಜ. ಆದರೆ ಒಳಗೆ ಗೆದ್ದಲು ಹಿಡಿದ ಬಾಗಿಲಿಗೆ ಹೊರಗೆ ಬಣ್ಣ ಬಳಿದರೆ ಅದು ಗಟ್ಟಿಯಾಗುವುದಿಲ್ಲ. ಭಾರ ಹೆಚ್ಚಿರುವವರಿಗೇ ಹಂಚಿಕೊಳ್ಳುವ ಹೆಗಲು ಹೆಚ್ಚು ಬೇಕು. ಭಯವನ್ನು ಹೇಳಿಕೊಳ್ಳಲಾಗದ ಯುವಕ ಅದನ್ನು ಆಕ್ರೋಶವಾಗಿ ಬೀದಿಗೆ ತರುತ್ತಾನೆ. ಆಗ ಲಾಭ ಪಡೆಯುವವರು ಯಾರೆಂದು ವಿವರಿಸಬೇಕಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಹೇಳಿಕೊಂಡರೆ ಊರೆಲ್ಲ ಹರಡುತ್ತದೆ ಎಂಬ ಭಯ. ಇಂದು ಅಸರ್ ನಮಾಝಿನ ಬಳಿಕ ಒಬ್ಬರ ಕಿವಿಯಲ್ಲಿ ಹೇಳಿದ್ದು ಇಶಾದ ಹೊತ್ತಿಗೆ ಹೋಟೆಲಿನ ಮೇಜಿನ ಮೇಲಿರುತ್ತದೆ. ಈ ಆರೋಪ ಸುಳ್ಳಲ್ಲ, ನಾಚಿಕೆಗೇಡಿನ ಸತ್ಯ. ಒಬ್ಬನು ನಂಬಿ ಹೇಳಿದ ಮಾತು ಅಮಾನತ್. ಅದನ್ನು ಹರಡುವುದು ಠೇವಣಿ ಇಟ್ಟ ಚಿನ್ನವನ್ನು ಮಾರಿಕೊಂಡಷ್ಟೇ ದೊಡ್ಡ ದ್ರೋಹ. ಗಂಡಸರು ಬಾಯಿ ತೆರೆಯಬೇಕೆಂದು ಬಯಸುವ ಸಮಾಜ ಮೊದಲು ಬಾಯಿ ಮುಚ್ಚಿಕೊಳ್ಳುವುದನ್ನು ಕಲಿಯಬೇಕು.

ಮೂರನೆಯದಾಗಿ, ಭಾವನೆ ಹೇಳಿಕೊಳ್ಳುವುದೆಂದರೆ ಎಲ್ಲ ಭಾರವನ್ನೂ ಹೆಂಡತಿಯ ತಲೆಗೆ ಸುರಿಯುವ ಪರವಾನಗಿ ಅಲ್ಲ. ಆಕೆಗೂ ದಣಿವಿದೆ, ಭಯವಿದೆ. "ನನಗೆ ಕಷ್ಟವಾಗುತ್ತಿದೆ" ಎಂದು ಹೇಳುವ ಗಂಡಸು "ನಿನಗೆ ಹೇಗಿದೆ" ಎಂದು ಕೇಳುವುದನ್ನೂ ಕಲಿಯಬೇಕು. ಕೈಯೆತ್ತಿದ ಬಳಿಕ ಅತ್ತು ಕ್ಷಮೆ ಕೇಳಿ, ಮರುವಾರ ಮತ್ತೆ ಕೈಯೆತ್ತುವವನ ಕಣ್ಣೀರನ್ನು ನಾವಿಲ್ಲಿ ಸಮರ್ಥಿಸುತ್ತಿಲ್ಲ. ಕಣ್ಣೀರು ಹೊಣೆಯಿಂದ ತಪ್ಪಿಸಿಕೊಳ್ಳುವ ಓಣಿಯಾಗಬಾರದು.

ಹಾಗಾದರೆ ನಾವು ಮಾಡಬೇಕಾದದ್ದೇನು? ಆರಂಭ ಮನೆಯಿಂದ ಆಗಲಿ. ರಾತ್ರಿ ಊಟಕ್ಕೆ ಕೂತಾಗ ತಂದೆಯಾದವನು ಮೊಬೈಲು ಬದಿಗಿಟ್ಟು ತನ್ನ ದಿನದ ಒಂದು ಸೋಲನ್ನಾದರೂ ಮಕ್ಕಳ ಮುಂದೆ ಹೇಳಲಿ. "ಇವತ್ತು ವ್ಯಾಪಾರ ಆಗಲಿಲ್ಲ, ಮನಸ್ಸಿಗೆ ಬೇಸರವಾಯಿತು" ಎಂದು ಅಬ್ಬಾ ಹೇಳುವುದನ್ನು ಕೇಳಿದ ಮಗ, ನಾಳೆ ಶಾಲೆಯಲ್ಲಾದ ಅವಮಾನವನ್ನು ಅಬ್ಬಾನ ಬಳಿ ಹೇಳುತ್ತಾನೆ. ಅಳುವ ಹುಡುಗನ ಬಾಯಿ ಮುಚ್ಚಿಸುವ ಬದಲು "ಎಲ್ಲಿ ನೋವಾಯಿತು?" ಎಂದು ಕೇಳುವ ಅಭ್ಯಾಸ ಅಮ್ಮಂದಿರಲ್ಲೂ ಅಜ್ಜಿಯರಲ್ಲೂ ಬರಲಿ.

ಮಸೀದಿಗಳಿಗೆ ಇದರಲ್ಲಿ ದೊಡ್ಡ ಪಾತ್ರವಿದೆ. ದಿನಕ್ಕೆ ಐದು ಬಾರಿ ಗಂಡಸರು ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವ ಸ್ಥಳ ಅದು. ಹೆಗಲು ತಾಗಿದವನ ಹೆಸರೂ ತಿಳಿಯದೆ ಸಲಾಮ್ ಹೇಳಿ ಹೊರಡುತ್ತೇವೆ. ನಿತ್ಯ ಮೊದಲ ಸಾಲಿನಲ್ಲಿರುತ್ತಿದ್ದವನು ಎರಡು ವಾರದಿಂದ ಕಾಣದಿದ್ದರೆ ಆತನ ಮನೆಯ ಕದ ತಟ್ಟುವ ಒಂದು ಪುಟ್ಟ ತಂಡ ಪ್ರತಿಯೊಂದು ಜಮಾಅತಿನಲ್ಲೂ ಇರಲಿ. ವರ್ಷದಲ್ಲಿ ಐವತ್ತಕ್ಕೂ ಹೆಚ್ಚು ಜುಮಾ ಖುತ್ಬಾಗಳಿವೆ. ಅವುಗಳಲ್ಲಿ ಒಂದೆರಡಾದರೂ ಪ್ರವಾದಿ(ಸ)ರ ಕಣ್ಣೀರಿನ ಕುರಿತು ಇರಲಿ. ಯಾವುದು ದುಆದಿಂದ, ಮಾತಿನಿಂದ ಹಗುರಾಗುವ ದುಃಖ, ಯಾವುದು ವೈದ್ಯರ ಬಳಿ ಹೋಗಲೇಬೇಕಾದ ಕಾಯಿಲೆ ಎಂಬುದನ್ನು ಗುರುತಿಸುವ ತರಬೇತಿ ನಮ್ಮ ಇಮಾಮರಿಗೆ ಸಿಗಲಿ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ, ಬದುಕಿ ಏನು ಪ್ರಯೋಜನ ಎಂಬ ಮಾತು ಪದೇ ಪದೇ ಬಾಯಿಗೆ ಬರುತ್ತಿದೆ ಎಂದಾದರೆ ತಡಮಾಡಬಾರದು. ಅಂಥವರನ್ನು ಒಂಟಿಯಾಗಿ ಬಿಡಬಾರದು, ಜರೆಯಬಾರದು, ಕೂಡಲೇ ವೈದ್ಯರ ಬಳಿಗೆ ಕರೆದೊಯ್ಯಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಲು ನಾಚಿಕೆಪಡದವರು ಖಿನ್ನತೆಗೆ ಮಾತ್ರೆ ನುಂಗಲು ಏಕೆ ನಾಚಬೇಕು?

ದಾರಿಗಳು ಇಲ್ಲದಿಲ್ಲ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾವುದೇ ಹೊತ್ತಿನಲ್ಲಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ. ಈ ಸಂಖ್ಯೆಯನ್ನು ಪ್ರತಿಯೊಂದು ಮಸೀದಿಯ ನಮಾಝ್ ವೇಳಾಪಟ್ಟಿಯ ಪಕ್ಕದಲ್ಲಿ ಅಂಟಿಸಲು ಎಷ್ಟು ಖರ್ಚಾದೀತು? 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕಾಗಿ ಮಾಡಿದೆ, ರೋಗಿಯ ಮಾಹಿತಿ ಗುಟ್ಟಾಗಿರಬೇಕೆಂದೂ ಹೇಳಿದೆ. ಪ್ರಾಣ ಕಳಕೊಳ್ಳಲು ಯತ್ನಿಸಿದವರನ್ನು ಅಪರಾಧಿಯೆಂದು ನೋಡದೆ ತೀವ್ರ ಒತ್ತಡದಲ್ಲಿದ್ದವರೆಂದು ನೋಡಬೇಕೆಂಬುದು ಆ ಕಾಯ್ದೆಯ ಆಶಯ.

ಆದರೆ ಸರಕಾರ ಕಾಯ್ದೆ ಮಾಡಿ ಕೈತೊಳೆದುಕೊಳ್ಳುವಂತಿಲ್ಲ. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ನೀಡುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಆರಂಭಿಸಿದ್ದು ನಮ್ಮದೇ ನೆರೆಯ ಬಳ್ಳಾರಿಯಲ್ಲಿ. ಅದನ್ನೇ ಮಾದರಿಯಾಗಿಟ್ಟು 1996ರಲ್ಲಿ ರಾಷ್ಟ್ರ ಮಟ್ಟದ ಜಿಲ್ಲಾ ಕಾರ್ಯಕ್ರಮ ರೂಪುಗೊಂಡಿತು. ದೇಶಕ್ಕೆ ದಾರಿ ತೋರಿಸಿದ ನೆಲ ಇದು. ಹೀಗಿದ್ದೂ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮನಸ್ಸಿನ ಕಾಯಿಲೆಯುಳ್ಳ ಬಹುಪಾಲು ಮಂದಿಗೆ ಚಿಕಿತ್ಸೆಯೇ ತಲುಪಿರಲಿಲ್ಲ. ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರೂ ಆಪ್ತಸಮಾಲೋಚಕರೂ ಔಷಧಿಯೂ ನಿಯಮಿತವಾಗಿ ಲಭ್ಯವಾಗಬೇಕು. ಮುಚ್ಚಿದ ಕಾರ್ಖಾನೆಗಳ ಊರಿಗೆ ಹೊಸ ಉದ್ಯೋಗಗಳು ಬರಬೇಕು. ಹಸಿದವನಿಗೆ "ಮನಸ್ಸು ಬಿಚ್ಚಿ ಮಾತಾಡು" ಎನ್ನುವುದಷ್ಟೇ ಸಾಲದು. ಮಾತು ಕೂಲಿಗೆ ಪರ್ಯಾಯವಲ್ಲ. ಆದರೆ ಕೂಲಿ ಸಿಗುವವರೆಗೆ ಮನುಷ್ಯ ಬದುಕಿ ಉಳಿಯಬೇಕಲ್ಲ?

ಸರಸ್ವತಿ ನಗರದ ಆ ಮನೆಗೆ ನಾವು ಕೆಲವು ದಿನಗಳ ಬಳಿಕ ಮತ್ತೊಮ್ಮೆ ಹೋದೆವು. ಈ ಬಾರಿ ಸಮಾಧಾನದ ಸಿದ್ಧವಾಕ್ಯಗಳನ್ನು ಕೊಂಡೊಯ್ಯಲಿಲ್ಲ. "ಅಮ್ಮಿಯ ಬಗ್ಗೆ ಹೇಳಿ" ಎಂದಷ್ಟೇ ಕೇಳಿದೆವು. ಅವರು ಹೇಳತೊಡಗಿದರು. ಗಿರಣಿಯಿಂದ ಅಬ್ಬಾ ಬರಿಗೈಯಲ್ಲಿ ಬಂದ ದಿನಗಳಲ್ಲಿ ಅಮ್ಮಿ ಹೇಗೆ ಒಲೆ ಹೊತ್ತಿಸುತ್ತಿದ್ದರು, ತನ್ನ ಪಾಲಿನ ರೊಟ್ಟಿಯನ್ನು ಹೇಗೆ ಮಕ್ಕಳ ತಟ್ಟೆಗೆ ಹಾಕುತ್ತಿದ್ದರು ಎಂದು ಹೇಳುತ್ತಾ ಹೇಳುತ್ತಾ ಅವರ ದನಿ ಒಡೆಯಿತು. ಬಾಗಿಲ ಬಳಿ ನಿಂತಿದ್ದ ಹದಿನಾರರ ಮಗ ತನ್ನ ತಂದೆ ಅಳುವುದನ್ನು ಬಹುಶಃ ಮೊದಲ ಬಾರಿಗೆ ಕಂಡ. ಒಂದು ಗಳಿಗೆ ಏನು ಮಾಡಬೇಕೆಂದು ತಿಳಿಯದೆ ನಿಂತವನು ಆಮೇಲೆ ಬಂದು ತಂದೆಯ ಪಕ್ಕದಲ್ಲಿ ಕುಳಿತ.

ಎಲ್ಲಿ ಅಳಲಿ ಎಂಬ ಪ್ರಶ್ನೆಗೆ ಆ ಹುಡುಗ ಉತ್ತರ ಕೊಟ್ಟಿದ್ದ. ಅಂಥದೊಂದು ಜಾಗ ನಮ್ಮ ಪ್ರತಿಯೊಂದು ಮನೆಯಲ್ಲೂ ಇದೆಯೇ? ಇಲ್ಲವಾದರೆ ಇಂದು ರಾತ್ರಿಯೇ ಮಾಡಿಕೊಳ್ಳೋಣ.